ತಜ್ಞರ ಉತ್ತರ: ಮುರಕಲ್ಲಿನ ಗೋಡೆಗೆ ಹಚ್ಚಿದ ಪೈಂಟ್ ಪ್ರತಿ ಮಳೆಗಾಲ ಯಾಕೆ ಏಳುತ್ತದೆ?

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ನಡುವಿನ ಮನೆ. 1988ರಲ್ಲಿ ಮಾವನವರು ಮುರಕಲ್ಲಿನಲ್ಲಿ (ಜಂಬಿಟ್ಟಿಗೆ ಕಲ್ಲಿನಲ್ಲಿ) ಕಟ್ಟಿಸಿದ್ದು. ಎದುರಿನ ಭಾಗಕ್ಕೆ ಹಂಚಿನ ಮಾಡು, ಹಿಂದೆ ಆಮೇಲೆ ಸೇರಿಸಿದ ಎರಡು ಕೋಣೆಗಳಿಗೆ ಟಾರಸಿ. ಚಾವಡಿಯ ಪಶ್ಚಿಮದ ಗೋಡೆಯಲ್ಲಿ ನೆಲದಿಂದ ಸುಮಾರು ಎರಡೂವರೆ ಅಡಿಯವರೆಗೆ ಪ್ರತಿ ಮಳೆಗಾಲ ಪೈಂಟ್ ಉಬ್ಬಿ ಹುಡಿಯಾಗಿ ಉದುರುತ್ತದೆ. ಮೂರು ವರ್ಷದ ಹಿಂದೆ ಎರಡು ಕೋಟ್ ಪುಟ್ಟಿ ಎಳೆಸಿ ದುಬಾರಿ ಎಮಲ್ಶನ್ ಹಚ್ಚಿಸಿದೆವು. ಒಂದೇ ಮಳೆಗಾಲಕ್ಕೆ ಎದ್ದಿತು. ಮರುವರ್ಷ ಅಂಗಳಕ್ಕೆ ಇಂಟರ್‌ಲಾಕ್ ಕಲ್ಲು ಹಾಕಿಸಿದೆವು, ಆದರೂ ಒದ್ದೆ ಕಡಿಮೆಯಾಗಲಿಲ್ಲ, ಇನ್ನೂ ಮೇಲೆ ಬಂದಿದೆ. ಹಿಂದಿನ ಮಲಗುವ ಕೋಣೆಯಲ್ಲಿ ಕಪಾಟಿನ ಹಿಂದೆ ಕಪ್ಪು ಬೂಷ್ಟು. ಜನವರಿಯಲ್ಲಿ ಮಗಳ ನಿಶ್ಚಿತಾರ್ಥ ಮನೆಯಲ್ಲೇ. "ಅಕ್ಟೋಬರಿನಲ್ಲೇ ಶುರುಮಾಡುವ, ಹಳೇದು ಕೆರೆದು ಡ್ಯಾಂಪ್‌ಪ್ರೂಫ್ ಹಚ್ಚಿ ಪುಟ್ಟಿ ಎಳೆದರೆ ಹತ್ತು ವರ್ಷ ನೋಡಬೇಕಾಗಿಲ್ಲ" ಎಂದು ಪೈಂಟಿನವರು ಹೇಳುತ್ತಾರೆ. ನಂಬಬಹುದೇ? ಅತ್ತೆಗೆ ದಮ್ಮಿನ ತೊಂದರೆ ಇದೆ. ಕೆಲಸ ಆಗುವಾಗ ಅವರು ಮನೆಯಲ್ಲಿ ಇರಬಹುದೇ? ಹಳೆಯ ಕಿಟಕಿಗಳ ಪೈಂಟ್ ಪೂರ್ತಿ ತೆಗೆಸಬೇಕೇ?

ಉತ್ತರ: ಅಕ್ಕಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹಣ ಹಾಕಿಯೂ ಗೋಡೆ ಉಳಿಯಲಿಲ್ಲ, ಈಗ ಶುಭಕಾರ್ಯ ಬಾಗಿಲಲ್ಲಿದೆ, ಈ ಸಲವೂ ಅದೇ ಆದರೆ ಏನು ಗತಿ ಎನ್ನುವುದು ನಿಮ್ಮ ಚಿಂತೆ. ಕುಂಬಳೆಯಿಂದ ಮುಳ್ಳೇರಿಯದವರೆಗೆ ಮೂವತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿರುವ ನನಗೆ ಮಳೆಗಾಲ ಮುಗಿಯುತ್ತಲೇ ಬರುವ ಕರೆಗಳಲ್ಲಿ ಅರ್ಧದಷ್ಟು ಇಂಥವೇ. ಬಹಳಷ್ಟು ಮನೆಗಳಲ್ಲಿ ತಪ್ಪು ಪೈಂಟಿನದ್ದಲ್ಲ, ಪುಟ್ಟಿಯದ್ದೂ ಅಲ್ಲ. ಗೋಡೆಯೊಳಗೆ ನೀರಿತ್ತು, ಅದು ಎಲ್ಲಿಂದ ಬರುತ್ತದೆಂದು ಯಾರೂ ನೋಡಿರಲಿಲ್ಲ, ಅಷ್ಟೆ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಇಂಟರ್‌ಲಾಕ್ ಎಂಬ ಮಾತಿನ ಮೇಲೆ. ಇಂಟರ್‌ಲಾಕ್ ಹಾಕಿದರೆ ಅಂಗಳದ ಕೆಸರು ಹೋಗುತ್ತದೆ, ಗೋಡೆಯೂ ಒಣಗುತ್ತದೆ ಎಂದು ಎಲ್ಲರೂ ಎಣಿಸುತ್ತಾರೆ. ಅದನ್ನು ಕೂರಿಸಲು ಕೆಳಗೆ ಜಲ್ಲಿ ಹುಡಿ ಹಾಸುತ್ತಾರೆ, ಅದರ ಮೇಲೆ ಕಲ್ಲು ಬರುತ್ತದೆ. ಎರಡೂ ಸೇರಿ ಅಂಗಳ ಐದಾರು ಇಂಚು ಏರುತ್ತದೆ. ಅದಕ್ಕೂ ಮೊದಲು ವರ್ಷವರ್ಷವೂ ಮಣ್ಣು ಹಾಕಿಸಿದ್ದರೆ ಇನ್ನಷ್ಟು. ಮಾವನವರ ಕಾಲದಲ್ಲಿ ಅಂಗಳಕ್ಕಿಂತ ಒಂದೂವರೆ ಅಡಿ ಎತ್ತರದಲ್ಲಿದ್ದ ಪಂಚಾಂಗ, ಅಂದರೆ ಗೋಡೆಯ ಕೆಳಗಿನ ಅಡಿಪಾಯದ ಕಟ್ಟೆ, ಈಗ ಅರ್ಧ ಅಡಿಗೆ ಇಳಿದಿರಬಹುದು. ಸೂರಿನ ನೀರು ಮೊದಲು ಮಣ್ಣಿಗೆ ಬಿದ್ದು ಇಂಗುತ್ತಿತ್ತು. ಈಗ ಕಲ್ಲಿನ ಮೇಲೆ ಬಿದ್ದು ಗೋಡೆಗೆ ಸಿಡಿಯುತ್ತದೆ. ಪಶ್ಚಿಮದ ಗೋಡೆ ಎಂದಿರಿ. ಆಟಿಯ (ಜುಲೈ-ಆಗಸ್ಟ್) ಗಾಳಿಮಳೆ ಬರುವುದೂ ಆ ಕಡೆಯಿಂದಲೇ.

ಒಮ್ಮೆ ಹೊರಗೆ ಹೋಗಿ ಆ ಗೋಡೆಯ ಬುಡದಲ್ಲಿ ಕುಳಿತು ನೋಡಿ. ಇಂಟರ್‌ಲಾಕಿನ ಇಳಿಜಾರು ತೋಟದ ಕಡೆಗಿದೆಯೋ, ಗೋಡೆಯ ಕಡೆಗೋ? ಒಂದು ಬಾಲ್ದಿ ನೀರು ಹೊಯ್ದರೆ ತಿಳಿಯುತ್ತದೆ. ಗೋಡೆಗೆ ಒರಗಿಸಿ ಅಡಿಕೆ ಸಿಪ್ಪೆಯನ್ನೋ ಸೌದೆಯನ್ನೋ ರಾಶಿ ಹಾಕಿದ್ದೀರಾ? ತುಳಸಿಕಟ್ಟೆಯ ಆಚೆ ನೆಟ್ಟ ದಾಸವಾಳಕ್ಕೆ ಬಿಡುವ ನೀರು ಎಲ್ಲಿಗೆ ಹರಿಯುತ್ತದೆ? ಹಂಚಿನ ಮಾಡೂ ಟಾರಸಿಯೂ ಕೂಡುವ ಕಡೆ ಹಾಕಿದ ತಗಡು ತೂತಾಗಿದೆಯೇ? ಇಷ್ಟು ನೋಡುವುದಕ್ಕೆ ಅರ್ಧ ಗಂಟೆ ಸಾಕು, ತಜ್ಞರೂ ಬೇಕಾಗಿಲ್ಲ.

ಇನ್ನು ಕಲ್ಲಿನ ಸ್ವಭಾವ. ಮಲಬಾರಿನಲ್ಲಿ ತಿರುಗಿದ ಈಸ್ಟ್ ಇಂಡಿಯಾ ಕಂಪೆನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಅಂಗಾಡಿಪುರಂ ಹತ್ತಿರ ಇದನ್ನು ಕಂಡು 1807ರಲ್ಲಿ ಲ್ಯಾಟರೈಟ್ ಎಂದು ಹೆಸರು ಕೊಟ್ಟ. ಲ್ಯಾಟಿನ್‌ನಲ್ಲಿ ಇಟ್ಟಿಗೆಗೆ ಇರುವ ಶಬ್ದದಿಂದ ಬಂದ ಹೆಸರು. ನೆಲದಿಂದ ಕಡಿಯುವಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಗಟ್ಟಿಯಾದರೂ ಮೈತುಂಬ ತೂತುಗಳೇ. ಆದ್ದರಿಂದ ನೀರು ಕುಡಿಯುತ್ತದೆ, ಹಾಗೆಯೇ ಬಿಡುತ್ತದೆ. ಬೇಕಲ ಕೋಟೆಯ ಗೋಡೆಗಳು 17ನೆಯ ಶತಮಾನದಿಂದ ಕಡಲ ಮಳೆಗೆ ನೆನೆಯುತ್ತಲೇ ಇವೆ. ಮೈಗೆ ಮುಚ್ಚಳವಿಲ್ಲದ್ದರಿಂದ ಬೇಸಗೆಯಲ್ಲಿ ಒಣಗುತ್ತವೆ. ನಮ್ಮ ಹಳೆಯ ಮನೆಗಳಿಗೆ ಬಳಿಯುತ್ತಿದ್ದ ಚಿಪ್ಪಿನ ಸುಣ್ಣವೂ ಆವಿಯನ್ನು ಹೊರಗೆ ಹೋಗಲು ಬಿಡುತ್ತಿತ್ತು. ನಾವು ಅದೇ ಕಲ್ಲಿಗೆ ಒಳಗೂ ಹೊರಗೂ ಸಿಮೆಂಟ್ ಸಾರಣೆ, ಮೇಲೆ ಪುಟ್ಟಿ, ಅದರ ಮೇಲೆ ಪ್ಲಾಸ್ಟಿಕ್ ಪದರದಂಥ ಎಮಲ್ಶನ್ ಹಚ್ಚುತ್ತೇವೆ. ಒಳಗೆ ಸೇರಿದ ನೀರಿಗೆ ದಾರಿಯಿಲ್ಲ. ಅದು ಪೈಂಟನ್ನು ತಳ್ಳಿಕೊಂಡು ಹೊರಗೆ ಬರುತ್ತದೆ.

ನೀರು ಬರಿಗೈಯಲ್ಲಿ ಬರುವುದೂ ಇಲ್ಲ. ಮಣ್ಣು, ಮರಳು, ಸಿಮೆಂಟುಗಳಲ್ಲಿರುವ ಲವಣವನ್ನು ಕರಗಿಸಿಕೊಂಡು ಬರುತ್ತದೆ. ಗೋಡೆಯ ಮೈಯಲ್ಲಿ ನೀರು ಆರಿದಾಗ ಲವಣ ಹರಳುಗಟ್ಟುತ್ತದೆ. ನೀವು ಹುಡಿ ಎಂದು ಗುಡಿಸಿ ತೆಗೆಯುವ ಬಿಳಿ ಪದಾರ್ಥದಲ್ಲಿ ಪುಟ್ಟಿಯ ಜೊತೆ ಇದೂ ಇದೆ. ಹರಳು ಬೆಳೆಯುವಾಗ ಹಾಕುವ ಒತ್ತಡಕ್ಕೆ ಸಾರಣೆಯೇ ಮುಕ್ಕಾಗುತ್ತದೆ, ಪೈಂಟ್ ಯಾವ ಲೆಕ್ಕ? ಸಾಲದ್ದಕ್ಕೆ ಕೆಲವು ಲವಣಗಳು ಗಾಳಿಯ ತೇವವನ್ನೇ ಹೀರಿಕೊಳ್ಳುತ್ತವೆ. ಹೊರಗಿನ ನೀರನ್ನು ಪೂರ್ತಿ ನಿಲ್ಲಿಸಿದ ಮೇಲೂ ಜೂನ್ ಬಂತೆಂದರೆ ಗೋಡೆ ಒದ್ದೆಯಾಗಿ ಕಾಣುವುದು ಇದರಿಂದಲೇ. ಉಪ್ಪು ಹಿಡಿದ ಸಾರಣೆಯನ್ನು ತೆಗೆಯಲೇಬೇಕು. ಇದೊಂದರಲ್ಲಿ ರಾಜಿ ಇಲ್ಲ. ಬಿಳಿ ಹುಡಿಯನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆಯಬೇಕು. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ.

ಈಗ ಡ್ಯಾಂಪ್‌ಪ್ರೂಫ್, ಅಂದರೆ ಒದ್ದೆ ತಡೆಯುವ ಲೇಪದ ವಿಷಯ. ಪೈಂಟಿನವರು ನಿಮಗೆ ಮೋಸ ಮಾಡುತ್ತಿದ್ದಾರೆ ಎಂದು ನಾನು ಹೇಳುವುದಿಲ್ಲ, ಅವರೂ ಅಂಗಡಿಯಲ್ಲಿ ಕೇಳಿದ್ದನ್ನೇ ನಂಬಿರಬಹುದು. ಇಂಥ ಲೇಪಗಳಲ್ಲಿ ಹೆಚ್ಚಿನವು ಹೊರಗಿನ ಮಳೆ ಗೋಡೆಗೆ ನುಗ್ಗದಂತೆ ಹೊರಮೈಗೆ ಅಥವಾ ಟಾರಸಿಗೆ ಹಚ್ಚಲು ಮಾಡಿದವು. ಒಳಮೈಗೆ ಹಚ್ಚಿದರೆ ಹಿಂದಿನಿಂದ ಬರುವ ನೀರು ಅದನ್ನು ತಳ್ಳುತ್ತದೆ. ಒಂದು ವೇಳೆ ಲೇಪ ಗಟ್ಟಿಯಾಗಿ ಹಿಡಿದು ನಿಂತಿತು ಎಂದಿಟ್ಟುಕೊಳ್ಳಿ. ಆಗ ನೀರು ಇನ್ನೂ ಮೇಲೆ ಹತ್ತುತ್ತದೆ. ಹದಿನೈದು ವರ್ಷದ ಹಿಂದೆ ಕುಂಬಳೆಯ ಹತ್ತಿರ ಒಂದು ಮನೆಯಲ್ಲಿ ನಾನೇ ಹೀಗೆ ಮಾಡಿಸಿದ್ದೆ. ಮೂರು ಅಡಿವರೆಗೆ ಒಳಗಿನಿಂದ ಬಂದೋಬಸ್ತು ಮಾಡಿದೆವು. ಮರುವರ್ಷ ಸೋಣ ತಿಂಗಳಲ್ಲಿ (ಆಗಸ್ಟ್-ಸೆಪ್ಟೆಂಬರ್) ಮನೆಯವರು ಕರೆಸಿದರು. ಲೇಪ ಹಚ್ಚಿದ ಜಾಗ ಚಂದವಿತ್ತು, ಒದ್ದೆ ಕಿಟಕಿಯ ದಂಡೆಯ ಎತ್ತರಕ್ಕೆ ಹೋಗಿ ಅಲ್ಲಿ ಮೈಬಿಟ್ಟಿತ್ತು. ಮೇಲಿನ ಸಾರಣೆಯನ್ನೂ ಕೆತ್ತಿಸಬೇಕಾಯಿತು. ಆ ಮನೆಯ ಯಜಮಾನರು ಒಂದು ಮಾತೂ ಬೈಯಲಿಲ್ಲ, ಅದೇ ನನಗೆ ಹೆಚ್ಚು ನೋವಾದದ್ದು. ಅಂದಿನಿಂದ ಒಳಗಿನಿಂದ ಮುಚ್ಚುವ ಕೆಲಸಕ್ಕೆ ನಾನು ಕೈ ಹಾಕಿಲ್ಲ.

ಮಲಗುವ ಕೋಣೆಯ ಬೂಷ್ಟು ಬೇರೆಯೇ ಜಾತಿಯದ್ದಿರಬಹುದು. ಅಲ್ಲೊಂದು ಪರೀಕ್ಷೆ ಮಾಡಿ. ಗೋಡೆಯನ್ನು ಒಣಬಟ್ಟೆಯಿಂದ ಒರೆಸಿ, ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗಾಳಿಯಾಡದಂತೆ ಅಂಟಿಸಿ ಒಂದೆರಡು ದಿನ ಬಿಡಿ. ಹಾಳೆಯ ಒಳಬದಿಯಲ್ಲಿ ಹನಿ ಕಂಡರೆ ನೀರು ಗೋಡೆಯಿಂದ ಬರುತ್ತಿದೆ, ಆಚೆ ಬದಿಯಲ್ಲಿ ಬಚ್ಚಲಿದ್ದರೆ ಪೈಪನ್ನು ಸಂಶಯಪಡಬೇಕು. ಹೊರಬದಿಯಲ್ಲಿ ತೇವ ಕೂತಿದ್ದರೆ ಅದು ಕೋಣೆಯ ಗಾಳಿಯದ್ದು. ಆಟಿಯಲ್ಲಿ ಒಣಗದ ಬಟ್ಟೆಗಳನ್ನು ಆ ಕೋಣೆಯಲ್ಲೇ ಹಗ್ಗ ಕಟ್ಟಿ ಹರವುತ್ತೀರಾ? ನಮ್ಮಲ್ಲಿ ಎಲ್ಲರೂ ಮಾಡುವುದೇ ಅದು. ಕಿಟಕಿ ಮುಚ್ಚಿ, ಫ್ಯಾನ್ ಹಾಕಿದರೆ ಬಟ್ಟೆಯ ನೀರೆಲ್ಲ ಕಪಾಟಿನ ಹಿಂದಿನ ತಣ್ಣನೆಯ ಗೋಡೆಯಲ್ಲಿ ಹೋಗಿ ಕೂರುತ್ತದೆ. ಕಪಾಟನ್ನು ಗೋಡೆಯಿಂದ ಅರ್ಧ ಅಡಿ ಈಚೆ ಸರಿಸಿ, ಬಟ್ಟೆಗೆ ಬೇರೆ ಜಾಗ ಮಾಡಿ. ಅರ್ಧ ರೋಗ ಅಲ್ಲಿಗೇ ವಾಸಿ.

ಬೂಷ್ಟಿನ ಮೇಲೆಯೇ ಪೈಂಟ್ ಹಚ್ಚಿದರೆ ಅದು ಸಾಯುವುದಿಲ್ಲ, ಕೆಳಗಿನಿಂದ ಮತ್ತೆ ಬರುತ್ತದೆ. ಒಣದಾಗಿ ಕೆರೆಯಲೂಬಾರದು, ಹುಡಿ ಮನೆಯೆಲ್ಲ ಹಾರಿ ಅತ್ತೆಯವರ ಎದೆಗೆ ಹೋಗುತ್ತದೆ. ಪೈಂಟ್ ಅಂಗಡಿಯಲ್ಲಿ ಸಿಗುವ ಬೂಷ್ಟು ಕೊಲ್ಲುವ ದ್ರಾವಣವನ್ನು ಹಚ್ಚಿ, ಡಬ್ಬದಲ್ಲಿ ಬರೆದಷ್ಟು ಹೊತ್ತು ಬಿಟ್ಟು, ಒದ್ದೆ ಬಟ್ಟೆಯಿಂದ ಒರೆಸಿ ತೆಗೆದು ಪೂರ್ತಿ ಒಣಗಲು ಬಿಡಿ. ಮನೆಯ ಬ್ಲೀಚ್ ದ್ರಾವಣ ಒಂದು ಪಾಲಿಗೆ ಮೂರು ಪಾಲು ನೀರು ಸೇರಿಸಿಯೂ ಮಾಡಬಹುದು. ಆದರೆ ಬ್ಲೀಚಿನ ಜೊತೆ ಕಕ್ಕಸು ತೊಳೆಯುವ ಆಸಿಡನ್ನು ಎಂದೂ ಸೇರಿಸಬೇಡಿ. ಎರಡೂ ಕೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಜೀವಕ್ಕೇ ಅಪಾಯ.

ನಿಮ್ಮ ಎದುರು ಇರುವ ದಾರಿಗಳು ಇಷ್ಟು.

ಮೊದಲನೆಯದು ಪೈಂಟಿನವರು ಹೇಳಿದ್ದು. ಖರ್ಚು ಕಡಿಮೆ, ಜನವರಿಯಲ್ಲಿ ಮನೆ ಹೊಳೆಯುತ್ತದೆ, ಫೋಟೋ ಚಂದ ಬರುತ್ತದೆ. ಜುಲೈಯಲ್ಲಿ ಮತ್ತೆ ಏಳುತ್ತದೆ. ಇದನ್ನು ತಿಳಿದೇ ಮಾಡಿಸುವುದಾದರೆ ತಪ್ಪೇನಲ್ಲ, ಹತ್ತು ವರ್ಷದ ಮಾತನ್ನು ಮಾತ್ರ ನಂಬಬೇಡಿ.

ಎರಡನೆಯದು, ಕೆಳಗಿನ ಮೂರು ಅಡಿಗೆ ಟೈಲ್ಸನ್ನೋ ಪಿವಿಸಿ ಹಲಗೆಯನ್ನೋ ಹೊಡೆಸುವುದು. ಈಚೆಗೆ ತುಂಬ ಕಡೆ ನೋಡುತ್ತೇನೆ. ಕಣ್ಣಿಗೆ ಮರೆಯಾಗುತ್ತದೆ, ನೀರು ಹಿಂದಿನಿಂದ ಮೇಲೆ ಹತ್ತುತ್ತದೆ, ಹಲಗೆಯ ಸಂದಿಯಲ್ಲಿ ಒರಳೆ (ಗೆದ್ದಲು) ಮನೆ ಮಾಡಿದರೂ ನಿಮಗೆ ಗೊತ್ತಾಗುವುದಿಲ್ಲ. ನನಗೆ ಇದು ಎಲ್ಲಕ್ಕಿಂತ ಕೆಟ್ಟ ದಾರಿ.

ಮೂರನೆಯದು ಗೋಡೆಯ ಬುಡದಲ್ಲಿ ಸಾಲಾಗಿ ತೂತು ಕೊರೆದು ನೀರು ತಡೆಯುವ ರಾಸಾಯನಿಕ ತುಂಬಿಸುವುದು. ಕಲ್ಲಿನ ಸಂದಿಯ ಗಾರೆಯಲ್ಲಿ ಒಂದೇ ಸಮನೆ ಹರಡಿದರೆ ಅದು ಕೆಲಸ ಮಾಡುತ್ತದೆ. ಮುರಕಲ್ಲಿನಲ್ಲಿ ಒಂದು ಕಡೆ ದೊಡ್ಡ ಪೊಟರೆ, ಇನ್ನೊಂದು ಕಡೆ ಗಟ್ಟಿ. ಹಾಗಾಗಿ ನಾನು ನೋಡಿದ ಮನೆಗಳಲ್ಲಿ ಫಲ ಒಂದೇ ರೀತಿ ಇಲ್ಲ. ಅಂಗಳ ಸರಿಮಾಡದೆ ಇದಕ್ಕೆ ದುಡ್ಡು ಹಾಕಬೇಡಿ.

ನಾಲ್ಕನೆಯದು ನಾನು ನಿಮಗೆ ಹೇಳುವುದು. ಕೆಲಸವನ್ನು ಎರಡು ಕಂತು ಮಾಡಿ.

ಅಕ್ಟೋಬರಿನಲ್ಲಿ ಪೈಂಟಿನವರ ಬದಲು ಮೇಸ್ತ್ರಿಯನ್ನು ಕರೆಸಿ. ಪಶ್ಚಿಮದ ಗೋಡೆಯ ಉದ್ದಕ್ಕೂ ಇಂಟರ್‌ಲಾಕಿನ ಎರಡು ಸಾಲು ಎಬ್ಬಿಸಿ, ಒಂದೂವರೆ ಅಡಿ ಅಗಲಕ್ಕೆ ಮಣ್ಣು ತೆಗೆದು ಪಂಚಾಂಗದ ಕಲ್ಲು ಕಾಣುವಂತೆ ಮಾಡಿಸಿ. ಬುಡಕ್ಕೆ ದಪ್ಪ ಜಲ್ಲಿ ತುಂಬಿಸಿ ನೀರು ತೋಟದ ಕಣಿಗೆ (ಚರಂಡಿಗೆ) ಹೋಗುವಂತೆ ಇಳಿಜಾರು ಕೊಡಿಸಿ, ಸೂರಿಗೆ ಮಳೆನೀರು ಹಿಡಿಯುವ ಪಾತಿ ಹಾಕಿಸಿ. ಅದೇ ವಾರ ಚಾವಡಿಯ ಒಳಗೆ ಒದ್ದೆಯ ಗೆರೆಗಿಂತ ಒಂದು ಅಡಿ ಮೇಲಿನವರೆಗೆ, ಅಂದರೆ ಮೂರೂವರೆ ಅಡಿ, ಸಾರಣೆ ಪೂರ್ತಿ ಕೆತ್ತಿಸಿ ಕಲ್ಲು ಬಯಲು ಮಾಡಿಸಿ. ಕೆತ್ತಿದ ಹುಡಿಯನ್ನು ಗೋಡೆಯ ಬುಡದಲ್ಲಿ ಬಿಡದೆ ಹೊರಗೆ ಹಾಕಿಸಿ, ಅದರಲ್ಲಿ ಉಪ್ಪು ತುಂಬಿದೆ. ಕೆಲಸದವರಿಗೆ ನಮ್ಮ ಮಾತು ತಿಳಿಯದಿದ್ದರೆ ಗೋಡೆಯ ಮೇಲೆಯೇ ಚಾಕ್‌ನಲ್ಲಿ ಗೆರೆ ಎಳೆದು ತೋರಿಸಿ. ಎರಡೂವರೆ ಅಡಿಗೆ ನಿಲ್ಲಿಸಿಬಿಡುವುದು ಎಲ್ಲ ಕಡೆ ಆಗುವ ತಪ್ಪು.

ಆಮೇಲೆ ಗೋಡೆಯನ್ನು ಹಾಗೆಯೇ ಬಿಡಿ. ತುಲಾವರ್ಷ (ಹಿಂಗಾರು ಮಳೆ) ಮುಗಿಯುವವರೆಗೆ, ನವೆಂಬರ್ ಕೊನೆಯ ತನಕ. ಚಾವಡಿಯಲ್ಲಿ ಕಲ್ಲು ಕಾಣುವುದು ನಿಮಗೆ ಸಂಕಟವಾದೀತು, ತಡೆದುಕೊಳ್ಳಿ. ನೆನೆದ ಗೋಡೆಯ ಪ್ರತಿ ಇಂಚು ದಪ್ಪಕ್ಕೆ ಒಣಗಲು ಸುಮಾರು ಒಂದು ತಿಂಗಳು ಬೇಕೆನ್ನುವುದು ಕಟ್ಟಡದ ಕೆಲಸದಲ್ಲಿ ರೂಢಿಯ ಲೆಕ್ಕ. ನಿಮ್ಮ ಗೋಡೆ ಎಂಟೊಂಬತ್ತು ಇಂಚು ಇದ್ದೀತು. ಜನವರಿಯೊಳಗೆ ಪೂರ್ತಿ ಒಣಗುವುದಿಲ್ಲ. ಅದಕ್ಕೇ ಕೆಳಭಾಗಕ್ಕೆ ಉಸಿರಾಡುವ ಹೊದಿಕೆಯನ್ನೇ ಕೊಡಬೇಕು. ಒಂದು ಪಾಲು ಸಿಮೆಂಟ್, ಒಂದು ಪಾಲು ಸುಣ್ಣ, ಆರು ಪಾಲು ತೊಳೆದ ಮರಳಿನ ಸಾರಣೆ ಮಾಡಿಸಿ. ಬರಿ ಸುಣ್ಣದ ಗಾರೆ ಇನ್ನೂ ಒಳ್ಳೆಯದು, ಅದನ್ನು ಬಲ್ಲ ಮೇಸ್ತ್ರಿ ಸಿಕ್ಕಿದರೆ. ಮೇಲೆ ಪುಟ್ಟಿ ಬೇಡ, ಪ್ರೈಮರ್ ಬೇಡ. ಕಾವಿ ಸೇರಿಸಿದ ಸುಣ್ಣವನ್ನು ತೆಳ್ಳಗೆ ಮೂರು ಸಲ ಬಳಿಸಿ. ಸುಣ್ಣ ಕಣ್ಣಿಗೆ ಸಿಡಿದರೆ ಸುಡುತ್ತದೆ, ಬಳಿಯುವವರು ಕನ್ನಡಕ ಹಾಕಲಿ. ನಮ್ಮ ಅಜ್ಜಂದಿರ ಮನೆಯ ಗೋಡೆಬುಡದಲ್ಲಿ ಕೆಂಪು ಪಟ್ಟಿ ಇರುತ್ತಿತ್ತಲ್ಲ, ಅದೇ. ಮೇಲಿನ ಗೋಡೆಗೆ ಕೆನೆಬಣ್ಣ ಹಚ್ಚಿ ನಡುವೆ ಟೇಪ್ ಹಿಡಿದು ನೇರ ಗೆರೆ ಎಳೆಸಿದರೆ ನಿಶ್ಚಿತಾರ್ಥಕ್ಕೆ ಬಂದವರು ಬೇಕೆಂದೇ ಮಾಡಿಸಿದ್ದು ಎನ್ನುತ್ತಾರೆ. ಸುಣ್ಣ ಕೈಗೆ ಸ್ವಲ್ಪ ಹತ್ತುತ್ತದೆ, ಎರಡು ವರ್ಷಕ್ಕೊಮ್ಮೆ ಬಳಿಯಬೇಕಾಗುತ್ತದೆ. ಅದು ಈ ದಾರಿಯ ಕೊರತೆ.

ಮೇಲಿನ ಗೋಡೆ ಮತ್ತು ಉಳಿದ ಕೋಣೆಗಳಿಗೆ ಡಿಸೆಂಬರಿನಲ್ಲಿ ಎಮಲ್ಶನ್ ಹಚ್ಚಿಸಬಹುದು. ಅದಕ್ಕೆ ಮೊದಲು ಅಂಗೈಯಿಂದ ಗೋಡೆ ಉಜ್ಜಿ ನೋಡಿ. ಬಿಳಿ ಹತ್ತಿದರೆ ಕೆಳಗೆ ಹಳೆಯ ಸುಣ್ಣವೋ ಡಿಸ್ಟೆಂಪರೋ ಇದೆ, ಅದರ ಮೇಲೆ ಯಾವ ಪೈಂಟೂ ನಿಲ್ಲುವುದಿಲ್ಲ, ಕೆರೆದು ತೆಗೆಯಬೇಕು. ಹತ್ತದಿದ್ದರೆ ಬ್ಲೇಡಿನಿಂದ ಗುಣಾಕಾರ ಚಿಹ್ನೆಯಂತೆ ಗೀರಿ, ಟೇಪ್ ಒತ್ತಿ ಒಮ್ಮೆಲೇ ಕೀಳಿ. ಪೈಂಟ್ ಟೇಪಿನ ಜೊತೆ ಬಂದರೆ ಅಲ್ಲೂ ಕೆರೆಯಬೇಕು, ಬಾರದಿದ್ದರೆ 180 ನಂಬರಿನ ಉಜ್ಜುಕಾಗದದಲ್ಲಿ ಮೈ ಒರಟು ಮಾಡಿದರೆ ಸಾಕು. ಇಡೀ ಮನೆಗೆ ಪುಟ್ಟಿ ಎಳೆಯಬೇಕೆಂಬ ನಿಯಮ ಇಲ್ಲ. ತಗ್ಗು ಇದ್ದಲ್ಲಿ ತುಂಬಿಸಿ, ಅಷ್ಟೇ. ಬಿರುಕುಗಳ ತುದಿಗೆ ಈಗಲೇ ಪೆನ್ಸಿಲ್ ಗುರುತು ಹಾಕಿ ತಾರೀಕು ಬರೆದಿಡಿ. ಡಿಸೆಂಬರಿಗೆ ಬಿರುಕು ಗುರುತನ್ನು ದಾಟಿದ್ದರೆ ಪೈಂಟಿಗೆ ಮೊದಲು ಎಂಜಿನಿಯರಿಗೆ ತೋರಿಸಿ. ವಿದ್ಯುತ್ತಿನ ಕೆಲಸ ಏನಿದ್ದರೂ ಪೈಂಟಿಗೆ ಮೊದಲೇ ಮುಗಿಸಿ. ಸ್ವಿಚ್‌ಬೋರ್ಡಿನ ಮುಚ್ಚಳವನ್ನು ಮೈನ್ ಆಫ್ ಮಾಡಿಯೇ ಸಡಿಲಿಸಬೇಕು. ನಿಮ್ಮದು ಕೆಂಪು ಕಾವಿ ನೆಲವಾಗಿದ್ದರೆ ಮೊದಲು ಪ್ಲಾಸ್ಟಿಕ್, ಮೇಲೆ ಹಳೆಯ ಬೆಡ್‌ಶೀಟ್ ಹಾಸಿ. ಸಿಮೆಂಟ್ ಪುಟ್ಟಿ ಬಿದ್ದು ಒಣಗಿದರೆ ಆ ಬಿಳಿ ಕಲೆ ಆಮೇಲೆ ಹೋಗುವುದು ಬಹಳ ಕಷ್ಟ.

ಕಿಟಕಿಗಳ ಬಗ್ಗೆ ಸ್ವಲ್ಪ ಗಂಭೀರವಾಗಿ ಹೇಳಬೇಕು. 1988ರ ಎನಾಮೆಲ್ ಪೈಂಟಿನಲ್ಲಿ ಸೀಸ ಇರುವ ಸಂಭವ ಹೆಚ್ಚು. ನಮ್ಮ ದೇಶದಲ್ಲಿ ಮನೆಯ ಪೈಂಟಿನಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಹಳೆಯ ಪದರ ಗಟ್ಟಿಯಾಗಿ ಹಿಡಿದಿದ್ದರೆ ಪೂರ್ತಿ ತೆಗೆಸುವುದು ಬೇಡವೇ ಬೇಡ. ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿ ಹಗುರವಾಗಿ ಉಜ್ಜಿಸಿ, ಒರೆಸಿ, ಮೇಲೆ ಹೊಸದು ಹಚ್ಚಿಸಿ. ಒಣದಾಗಿ ಮೆಷಿನ್ ಹಾಕಿ ಉಜ್ಜುವುದಕ್ಕೂ ಬೆಂಕಿ ಹಿಡಿದು ಸುಡುವುದಕ್ಕೂ ಬಿಡಬೇಡಿ. ಉದುರಿದ್ದನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಎತ್ತಿ. ಆ ಹೊತ್ತಿಗೆ ಮನೆಯಲ್ಲಿ ಚಿಕ್ಕ ಮಕ್ಕಳು, ಬಸುರಿಯರು ಇರಬಾರದು. ಉಜ್ಜುವ ಹುಡುಗನಿಗೂ ಒಂದು ಎನ್95 ಮಾಸ್ಕ್ ತೆಗೆದುಕೊಡಿ, ಅವನಾಗಿ ಕೇಳುವುದಿಲ್ಲ.

ಅತ್ತೆಯವರ ವಿಷಯದಲ್ಲಿ ಎಲ್ಲರೂ ಪೈಂಟ್ ವಾಸನೆಗೆ ಹೆದರುತ್ತಾರೆ. ದಮ್ಮು ಇರುವವರಿಗೆ ಸಾರಣೆ ಕೆತ್ತುವ, ಬೂಷ್ಟು ತೆಗೆಯುವ, ಉಜ್ಜುವ ದಿನಗಳು ಅದಕ್ಕಿಂತ ಕಷ್ಟ. ಆ ಮೂರು ನಾಲ್ಕು ದಿನ ಅವರನ್ನು ನೆಂಟರ ಮನೆಗೆ ಕಳುಹಿಸಿಕೊಡಿ. ಗೋಡೆಗೆ ನೀರಿನಲ್ಲಿ ಕಲಸುವ ಕಡಿಮೆ ವಾಸನೆಯ ಪೈಂಟನ್ನೇ ತರಿಸಿ. ವಾಸನೆ ಕಡಿಮೆ ಎಂದರೆ ಏನೂ ಇಲ್ಲ ಎಂದರ್ಥವಲ್ಲ, ಅವರ ಕೋಣೆಯ ಕಿಟಕಿಗಳನ್ನು ಎರಡು ಮೂರು ದಿನ ತೆರೆದಿಟ್ಟು ಆಮೇಲೆ ಮಲಗಿಸಿ. ಕಿಟಕಿಯ ಎನಾಮೆಲ್ ಕೆಲಸವನ್ನು ಅವರು ಬರುವ ಮೊದಲೇ ಮುಗಿಸಿ.

ಎರಡನೆಯ ಕಂತು ಮುಂದಿನ ಏಪ್ರಿಲ್-ಮೇ ತಿಂಗಳಿನದ್ದು. ಆ ಹೊತ್ತಿಗೆ ಕೆಳಗಿನ ಪಟ್ಟಿಯಲ್ಲಿ ಬಿಳಿ ಹುಡಿ ಎದ್ದರೆ ಹೆದರಬೇಡಿ, ಒಣ ಬ್ರಷ್‌ನಲ್ಲಿ ತೆಗೆದು ಮತ್ತೊಂದು ಸಲ ಸುಣ್ಣ ಬಳಿಸಿ. ಮಳೆ ಹಿಡಿಯುವ ಮೊದಲು ಜಲ್ಲಿಯ ಕಣಿಯಲ್ಲಿ ಬಿದ್ದ ಎಲೆ, ಸಿಪ್ಪೆ ತೆಗೆಸಿ. ಒಂದು ಮಳೆಗಾಲ ಕಳೆಯಲಿ. ಜುಲೈ ಕೊನೆಗೆ ಒದ್ದೆ ಎಷ್ಟು ಎತ್ತರಕ್ಕೆ ಬಂದಿದೆಯೋ ಅಲ್ಲಿಗೆ ಪೆನ್ಸಿಲ್ ಗೆರೆ ಹಾಕಿ, ಪಕ್ಕದಲ್ಲಿ ಅಡಿಕೋಲು ಇಟ್ಟು ಒಂದು ಫೋಟೋ ತೆಗೆದು ನನಗೆ ಕಳುಹಿಸಿ. ತೂತು ಕೊರೆದು ರಾಸಾಯನಿಕ ತುಂಬಿಸಬೇಕೇ ಬೇಡವೇ ಎಂದು ಅದನ್ನು ನೋಡಿ ಹೇಳುತ್ತೇನೆ.